‘ಮೈಸೂರು’ ಹೆಸರಿನ ಯುದ್ಧನೌಕೆಗಾಗಿ ಸಂಸದರಿಗೊಂದು ಬಹಿರಂಗ ಪತ್ರ

ಮೈಸೂರು–ಕೊಡಗು ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ಸಾದರ ನಮಸ್ಕಾರಗಳು. ಕಡಲಿಲ್ಲದ ಊರಿನವನು ಯುದ್ಧನೌಕೆಯ ವಿಷಯ ಎತ್ತುವುದು ತಮಗೆ ಸೋಜಿಗವೆನಿಸಬಹುದು. ಆದರೆ 1999ರ ಜೂನ್ 2ರಂದು ನೌಕಾಪಡೆ ಸೇರಿದ ಐಎನ್‌ಎಸ್ ಮೈಸೂರು ನಮ್ಮೂರಿನ ಹೆಸರನ್ನೂ, ತನ್ನ ಲಾಂಛನದಲ್ಲಿ ನಮ್ಮ ಗಂಡಭೇರುಂಡವನ್ನೂ ಹೊತ್ತಿದೆ. ಆ ಸಲುಗೆಯಿಂದಲೇ, ಅಂಥ ನೌಕೆಗಳನ್ನು ಡ್ರೋನ್ ದಾಳಿಯಿಂದ ಕಾಯುವ ವಿಚಾರವಾಗಿ ಈ ಪತ್ರ.

ದಸರೆಯಲ್ಲಿ ಬನ್ನಿಮಂಟಪದ ಡ್ರೋನ್ ಪ್ರದರ್ಶನಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಚಿತ್ರವೊಂದು ಮುಗಿದು ದೀಪಗಳು ಆರಿದಾಗ ಆಕಾಶ ಬರಿದಾಗಿ ಕಂಡಿತು. “ಎಲ್ಲಿ ಹೋದ್ವು ತಾತ?” ಎಂದಳು. ಎಲ್ಲಿಯೂ ಹೋಗಿರಲಿಲ್ಲ, ತಲೆಯ ಮೇಲೆಯೇ ಇದ್ದವು. ಹಡಗಿನ ರಾಡಾರಿನ ಮುಂದೆ ಕುಳಿತವನ ಪಾಡೂ ಇದೇ: ಅಲೆಗಳಿಗೆ ಹತ್ತಿರವಾಗಿ, ನಿಧಾನವಾಗಿ ಬರುವ ಪುಟ್ಟ ಡ್ರೋನನ್ನು ಹಕ್ಕಿಯಿಂದಲೂ ತೆರೆಯಿಂದಲೂ ಬೇರ್ಪಡಿಸಿ ಗುರುತಿಸುವುದು ಕಷ್ಟ.

ಇದು ದೂರದ ಮಾತಲ್ಲ. 2023ರ ಡಿಸೆಂಬರ್ 23ರಂದು ಗುಜರಾತ್ ಕರಾವಳಿಯಾಚೆ ಡ್ರೋನ್ ಬಡಿದ ಕೆಮ್ ಪ್ಲೂಟೊ ಎಂಬ ತೈಲ ಹಡಗು ಬರುತ್ತಿದ್ದುದು ನಮ್ಮ ಮಂಗಳೂರಿಗೆ. ಅದೇ ಕಾಲದಲ್ಲಿ ಕೆಂಪು ಸಮುದ್ರದಲ್ಲಿ ಅಮೆರಿಕದ ನೌಕೆಗಳು, ಕೆಲವು ಸಾವಿರ ಡಾಲರುಗಳ ಡ್ರೋನ್ ಕೆಡವಲು ಸುಮಾರು 20 ಲಕ್ಷ ಡಾಲರ್ ಬೆಲೆಯ ಕ್ಷಿಪಣಿ ಹಾರಿಸಿದವು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂದು ನಗುವಂತಿಲ್ಲ, ಹಡಗಿನಲ್ಲಿ ನೂರಾರು ಜೀವಗಳಿರುತ್ತವೆ. ಆದರೆ ಖಾಲಿಯಾದ ಕ್ಷಿಪಣಿಗೂಡುಗಳನ್ನು ನಡುಗಡಲಿನಲ್ಲಿ ತುಂಬಲಾಗದೆ ಬಂದರಿಗೆ ಮರಳಬೇಕಾಗುತ್ತದೆ.

ಉಳಿಯುವುದು ತೋಪು. ನಮ್ಮ ನೌಕೆಗಳಲ್ಲಿರುವ ಆರು ನಳಿಗೆಯ ಎಕೆ–630 ನಿಮಿಷಕ್ಕೆ ಸುಮಾರು 5,000 ಗುಂಡು ಉಗುಳುತ್ತದೆ. ಅಂದರೆ 2,000 ಗುಂಡುಗಳ ಸಂಗ್ರಹ ಅರ್ಧ ನಿಮಿಷವೂ ಬಾರದು. ಅದರ ಹೊಡೆತದ ದೂರ ಸುಮಾರು 4 ಕಿ.ಮೀ. ಗಂಟೆಗೆ 180 ಕಿ.ಮೀ. ವೇಗದ ಡ್ರೋನ್ ಆ ದೂರವನ್ನು ಕ್ರಮಿಸಲು 80 ಸೆಕೆಂಡು ಸಾಕು. ಒಂದು ಬಂದರೆ ಸರಿ, ನಾಲ್ಕು ದಿಕ್ಕಿನಿಂದ ಹತ್ತು ಬಂದರೆ?

ಪರಿಹಾರ ನಮ್ಮಲ್ಲಿಯೇ ಇದೆ. ಡಿಆರ್‌ಡಿಒ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ, ಡ್ರೋನ್ ಪತ್ತೆಹಚ್ಚಿ ಅದರ ರೇಡಿಯೊ ಸಂಕೇತಗಳನ್ನು ಕೆಡಿಸುವ ಮತ್ತು ಲೇಸರಿನಿಂದ ಸುಡುವ ವ್ಯವಸ್ಥೆಗಾಗಿ ನೌಕಾಪಡೆ 2021ರ ಆಗಸ್ಟ್‌ನಲ್ಲಿಯೇ ಬೆಂಗಳೂರಿನ ರಕ್ಷಣಾ ಉಪಕರಣ ತಯಾರಕ ಬಿಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಕರ್ನೂಲಿನಲ್ಲಿ ಇನ್ನೂ ಪ್ರಬಲವಾದ ಲೇಸರೊಂದು ಪರೀಕ್ಷೆಯಲ್ಲಿ ಡ್ರೋನುಗಳನ್ನು ಕೆಡವಿತು. ಕರ್ನೂಲಿನ ಒಣ ಹವೆ ಬೇರೆ, ಮಳೆಗಾಲದ ಅರಬ್ಬೀ ಸಮುದ್ರದ ಮಂಜು ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಮೊದಲೇ ದಾರಿ ತುಂಬಿಸಿಕೊಂಡು ಬರುವ ಡ್ರೋನಿಗೆ ಸಂಕೇತ ಕೆಡಿಸುವ ಉಪಾಯವೂ ಪೂರ್ತಿ ನಾಟದು. ಹಾಗಾಗಿ ತೋಪು, ಸಂಕೇತ ಕೆಡಿಸುವ ಜಾಮರ್, ಲೇಸರ್ ಮೂರೂ ಒಂದೇ ಹಡಗಿನಲ್ಲಿ ಇರಬೇಕು.

ನನ್ನ ಕೋರಿಕೆ ಒಂದೇ. ಕಾಲು ಶತಮಾನ ದಾಟಿದ ‘ಮೈಸೂರಿ’ನಂಥ ಹಳೆಯ ನೌಕೆಗಳಿಗೆ ಇವುಗಳನ್ನು ಯಾವ ವರ್ಷದೊಳಗೆ ಅಳವಡಿಸಲಾಗುವುದು ಎಂದು ಲೋಕಸಭೆಯಲ್ಲಿ ರಕ್ಷಣಾ ಸಚಿವರನ್ನು ಕೇಳಿ. ಗುಟ್ಟಿನ ವಿವರಗಳು ನಮಗೆ ಬೇಡ, ಕಾಲಮಿತಿ ತಿಳಿದರೆ ಸಾಕು.

ತಮ್ಮ ವಿಶ್ವಾಸಿ,
ಸರಸ್ವತಿಪುರಂನ ಒಬ್ಬ ಮತದಾರ, ಮೈಸೂರು