ಆಫ್ರಿಕಾದ ಬೋಟ್ಸ್‌ವಾನಾ ದೇಶದ ಮೌನ್ ಊರಿನಲ್ಲಿರುವ ಮಗಳಿಗೆ

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ಭಾನುವಾರ ನಾನು ಆಡಿದ ಮಾತಿಗೆ ಎತ್ತದಿರುವುದೇ ಸರಿ. ಬೆಳಿಗ್ಗೆ ನಿಮ್ಮಮ್ಮ ಕಾಫಿ ಲೋಟ ಕುಕ್ಕಿ, "ಮೌನ್ ಅನ್ನೋ ಊರಿಗೆ ಕಳಿಸಿದ್ದಾಯ್ತು, ಈಗ ಮಗಳೂ ಮೌನ. ಕೆಡಿಸಿದೋರು ನೀವು, ನೀವೇ ಸರಿ ಮಾಡಿ" ಅಂದಳು. ವಾಟ್ಸಾಪ್‌ನಲ್ಲಿ ಒಂದು ಬೆರಳಲ್ಲಿ ಕುಟ್ಟುವುದು ನನಗಾಗಲ್ಲ. ಹಾಳೆಯಲ್ಲಿ ಬರೆದು ಪಕ್ಕದ ಮನೆ ಹುಡುಗನ ಕೈಲಿ ಫೋಟೊ ತೆಗೆಸಿ ಕಳಿಸುತ್ತೇನೆ. ಅಕ್ಷರ ಸೊಟ್ಟಗಿದ್ದರೆ ದೊಡ್ಡದು ಮಾಡಿಕೊಂಡು ಓದು.

"ಸೈಟು ಮಾರಿ ಪೈಲಟ್ ಓದಿಸಿದ್ದು ಬೇರೆಯವರ ಬ್ಯಾಗು ಹೊರೋಕಾ" ಅಂದೆನಲ್ಲ, ಆ ಮಾತು ತಪ್ಪು. ಸೈಟಿನ ವಿಚಾರ ಇಬ್ಬರಿಗೂ ಗೊತ್ತಿರುವುದೇ, ಅದನ್ನು ಮತ್ತೆ ಎತ್ತಲ್ಲ. ಆದರೆ ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು 14 ತಿಂಗಳು ಬದಲಿ ಡ್ರೈವರ್ ಆಗಿದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಡಿಪೊಗೆ ಹೋಗಿ ಬೆಂಚಿನ ಮೇಲೆ ಕೂರುವುದು. ಯಾರಾದರೂ ರಜೆ ಹಾಕಿದರೆ ಡ್ಯೂಟಿ, ಇಲ್ಲದಿದ್ದರೆ ಇಲ್ಲ. ಸುಮ್ನೆ ಕೂತರೆ ಕಣ್ಣಿಗೆ ಬೀಳಲ್ಲ ಅಂತ ಬಸ್ಸಿನ ಗಾಜು ಒರೆಸುತ್ತಿದ್ದೆ, ಮೆಕ್ಯಾನಿಕ್‌ಗೆ ಪಾನಾ ಎತ್ತಿಕೊಡುತ್ತಿದ್ದೆ. ಲೈಸೆನ್ಸ್ ಜೇಬಲ್ಲಿತ್ತು, ಸ್ಟೀರಿಂಗ್ ಕೈಯಲ್ಲಿರಲಿಲ್ಲ. ನಿಮ್ಮಜ್ಜಿ ಕೇಳಿದರೆ ದಿನಾ ಬಸ್ ಓಡಿಸ್ತೀನಿ ಅಂತಲೇ ಹೇಳುತ್ತಿದ್ದೆ. ಅಂಥವನು ನಿನಗೆ ಹಾಗಂದೆ.

ನಿನ್ನ ಲೆಕ್ಕ ಈಗ ಅರ್ಥ ಆಗಿದೆ. 230 ಗಂಟೆ ಹಾರಿದವಳನ್ನು ದೊಡ್ಡ ಕಂಪನಿಗಳು ಮುಟ್ಟಲ್ಲ. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ. ಇಮೇಲ್ ಕಳಿಸಿದರೆ ಓದುವವರಿಲ್ಲ, ಎದುರಿಗೆ ಹೋಗಿ ನಿಲ್ಲಬೇಕು. ಜೂನ್‌ನಿಂದ ಅಕ್ಟೋಬರ್ ತನಕ ಸಫಾರಿ ಜನ ಜಾಸ್ತಿ, ಅಷ್ಟರೊಳಗೆ ಹೊಸಬರನ್ನು ತಯಾರು ಮಾಡಿಕೊಳ್ಳಬೇಕು, ಹಾಗಾಗಿ ವರ್ಷದ ಶುರುವಿನಲ್ಲೇ ಅಲ್ಲಿರಬೇಕು. ಕ್ಯಾರವಾನ್ ಅನ್ನೋ ವಿಮಾನ ಓಡಿಸುವ ಹಳಬ ಏರ್‌ಲೈನ್‌ಗೆ ಹೋದರೆ, ಅದಕ್ಕಿಂತ ಚಿಕ್ಕದಾದ ಸೆಸ್ನಾ 206 ಓಡಿಸುತ್ತಿರುವವನು ಕ್ಯಾರವಾನ್‌ಗೆ ಏರುತ್ತಾನೆ, ಆಗ 206ರ ಸೀಟು ಖಾಲಿಯಾಗುತ್ತೆ. ಇದೆಲ್ಲ ನೀನು ಜನವರಿಯಲ್ಲೇ ಹೇಳಿದ್ದೆ. ನಾನು ಕಿವಿಯಲ್ಲಿ ಕೇಳಿದ್ದೆ, ತಲೆಗೆ ಹೋಗಿರಲಿಲ್ಲ. ಅದೂ ನಮ್ಮ ಡಿಪೊ ಬೆಂಚೇ ಅಲ್ವಾ? ಪಕ್ಕದಲ್ಲಿ ಹೊಳೆ, ಮೊಸಳೆ, ಟೆಂಟು ಇರುವುದಷ್ಟೇ ವ್ಯತ್ಯಾಸ.

ಬ್ಯಾಗಿನ ಕೆಲಸ ಕೊಟ್ಟಿದ್ದಾರಲ್ಲ, ಮಾಡು. ಒಬ್ಬೊಬ್ಬ ಪ್ರವಾಸಿಗೆ 20 ಕೆ.ಜಿ., ಅದೂ ಮೆತ್ತನೆಯ ಚೀಲದಲ್ಲಿ ಅಂದಿದ್ದೆ. ತಕ್ಕಡಿ ಹತ್ತಿರ ನಿಂತವಳಿಗೇ ತಿಳಿಯುವುದು ಯಾವ ಚೀಲ ನಿಜ ಹೇಳುತ್ತೆ, ಯಾವುದು ಸುಳ್ಳು ಹೇಳುತ್ತೆ ಅಂತ. ನಾಳೆ ನೀನು ವಿಮಾನ ಎತ್ತುವಾಗ ಅದೇ ಕೈಗೆ ಬರುತ್ತೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಲೇ ಕೂತಿದ್ದೆ. ಆದರೆ ಆವತ್ತು ಜಗಳಕ್ಕೆ ಮುಂಚೆ ನೀನು ನಗುತ್ತಾ ಒಂದು ಮಾತು ಹೇಳಿದೆ. ಚೀಫ್ ಪೈಲಟ್ "ರನ್‌ವೇ ಮೇಲೆ ಆನೆ ಇರುತ್ತೆ, ಹೆದರಲ್ವಾ" ಅಂತ ಕೇಳಿದಾಗ ಬಂಡೀಪುರದ ಕಥೆ ಹೇಳಿದೆಯಂತೆ. ನಮ್ಮಪ್ಪ ಆನೆ ಮೈಮೇಲೆ ಬಂದರೂ ಬಸ್ ನಿಲ್ಲಿಸಲಿಲ್ಲ ಅಂದೆಯಂತೆ. ಹುಬ್ಬಿನ ಮೇಲಿನ ಗಾಯದ ಗುರುತನ್ನೂ ತೋರಿಸಿದೆಯಂತೆ. ಅವರೆಲ್ಲ ನಕ್ಕರಂತೆ. ನಾನು ಆ ದಿನ ಕೂಗಾಡಿದ್ದಕ್ಕೆ ಬ್ಯಾಗು ಒಂದು ನೆಪ ಇರಬೇಕು. ನಿಜವಾಗಿ ಹೊಟ್ಟೆಯೊಳಗೆ ಕಲಸಿದ್ದು ಈ ಕಥೆ.

ನೀನಾಗ ಮೂರನೇ ಕ್ಲಾಸು, ದಸರಾ ರಜೆ. ಕೇರಳದ ಬತ್ತೇರಿಯಿಂದ ಸಂಜೆ ವಾಪಸ್ ಬರುತ್ತಿದ್ದೆವು. ನೀನು ಬಾನೆಟ್ ಮೇಲೆ ಕೂತು ನೇಂದ್ರ ಬಾಳೆ ಚಿಪ್ಸ್ ತಿನ್ನುತ್ತಿದ್ದೆ. ಮೂಲೆಹೊಳೆ ದಾಟಿದ ಮೇಲೆ ಬಲಗಡೆ ಒಂದು ಹೆಣ್ಣಾನೆ ನಿಂತಿತ್ತು. ಬಸ್ ನಿಲ್ಲಿಸಿದೆ. ಹಿಂದೆ ಮೂರು ನಾಲ್ಕು ಗಾಡಿ ನಿಂತವು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಒಬ್ಬನಿಗೆ ಮೈಸೂರಿನಲ್ಲಿ ರೈಲು ಹಿಡಿಯಬೇಕಿತ್ತು. ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತ. "ಏನ್ರೀ ಡ್ರೈವರೇ, ಆನೆಗೆ ಸಲಾಂ ಹೊಡೀತಾ ಕೂತ್ರೆ ರೈಲು ನಿಮ್ಮಪ್ಪ ನಿಲ್ಲಿಸ್ತಾನಾ?" ಅಂದ. ಎಲ್ಲರೂ ನಕ್ಕರು. ನೀನು ನನ್ನ ಮುಖ ನೋಡಿದೆ. ಮೊದಲ ಗೇರ್ ಹಾಕಿದೆ.

ಇಲ್ಲಿಂದ ಮುಂದೆ ನಿನಗೆ ಗೊತ್ತು. ಗಾಜು ಒಡೆದು ನಿನ್ನ ಮಡಿಲಿಗೆ ಬಿತ್ತು. ಚೂರು ಯಾವುದು, ಚಿಪ್ಸ್ ಯಾವುದು ಗೊತ್ತಾಗುತ್ತಿರಲಿಲ್ಲ.

ಆಮೇಲೆ ಮನೆಯಲ್ಲಿ, ಡಿಪೊದಲ್ಲಿ, ಬರೆದುಕೊಟ್ಟ ಹೇಳಿಕೆಯಲ್ಲಿ ಎಲ್ಲ ಕಡೆ ಹೇಳಿದ್ದು ಒಂದೇ: ಮರಿ ಇದ್ದದ್ದು ಕಾಣಲಿಲ್ಲ. ಅದು ಸುಳ್ಳು ಪುಟ್ಟಿ. ಮರಿ ಎಡಗಡೆ ಲಂಟಾನ ಪೊದೆಯಲ್ಲಿತ್ತು. ಬೆನ್ನು ಕಾಣುತ್ತಿತ್ತು, ಕಿವಿ ಅಲ್ಲಾಡುವುದು ಕಾಣುತ್ತಿತ್ತು. ತಾಯಿ ಒಂದು ಕಡೆ, ಮರಿ ಒಂದು ಕಡೆ, ನಡುವೆ ಬಸ್ ನುಗ್ಗಿಸಬಾರದು ಅಂತ ಕಾಡಂಚಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ನಾಲ್ಕು ಸೆಕೆಂಡಿನಲ್ಲಿ ದಾಟಿಬಿಡಬಹುದು ಅಂತ ಲೆಕ್ಕ ಹಾಕಿದೆ. ನಕ್ಕರಲ್ಲ, ಅದು ತಡೆಯಲಾಗಲಿಲ್ಲ. 43 ಜನ ಮತ್ತು ನೀನು.

ಆ ಬೆನ್ನು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಕೆಂಪು ಮಣ್ಣು ಮೆತ್ತಿಕೊಂಡಿತ್ತು. ರಿಟೈರ್ ಆಗುವ ದಿನವೂ ಆ ತಿರುವಿನಲ್ಲಿ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ರಸ್ತೆಯಲ್ಲಿ ಏನೂ ಇರಲಿಲ್ಲ.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಉಪದೇಶ ಮಾಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ಆದರೂ ಕೇಳು. ನಿನ್ನ 206ರಲ್ಲಿ ಇರುವುದು ಒಂದೇ ಎಂಜಿನ್. ಮೌನ್ ಊರು ಸಮುದ್ರ ಮಟ್ಟಕ್ಕಿಂತ ಸುಮಾರು 940 ಮೀಟರ್ ಮೇಲೆ, ಹೆಚ್ಚು ಕಡಿಮೆ ಬೆಂಗಳೂರಿನಷ್ಟೇ ಎತ್ತರ. ಅಕ್ಟೋಬರ್ ಮಧ್ಯಾಹ್ನ 40 ಡಿಗ್ರಿ ಅಂತೀಯ. ಕಾದ ಗಾಳಿ ತೆಳ್ಳಗೆ, ರೆಕ್ಕೆಗೂ ಹಿಡಿತ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ, ನೆಲ ಬಿಡಲು ಜಾಸ್ತಿ ದೂರ ಓಡಬೇಕು. ಬೆಳಿಗ್ಗೆ ಏಳು ಗಂಟೆಗೆ ಎದ್ದ ವಿಮಾನ ಅದೇ ಮಣ್ಣಿನ ರನ್‌ವೇ ಪಟ್ಟಿಯಲ್ಲಿ, ಅದೇ ತೂಕಕ್ಕೆ, ಮಧ್ಯಾಹ್ನ ಎರಡಕ್ಕೆ ಏಳುತ್ತೆ ಅಂತ ನಂಬಬೇಡ. ತುಂಬಿದ ಗಾಡಿ ದಿಂಬಂ ಘಾಟಿಯ 27 ತಿರುವು ಹತ್ತುವಾಗ ಹೇಗೆ ನರಳುತ್ತೆ ಅಂತ ನೋಡಿದ್ದೀಯ. ಆದರೆ ಬಸ್ಸು ನರಳಿದರೆ ನಿಲ್ಲಿಸಬಹುದು.

ನಿನಗೂ ಒಬ್ಬ ರೈಲಿನವನು ಬಂದೇ ಬರುತ್ತಾನೆ. ಮೌನ್‌ನಿಂದ ಜೋಹಾನ್ಸ್‌ಬರ್ಗ್ ವಿಮಾನ ತಪ್ಪುತ್ತೆ ಅನ್ನುತ್ತಾನೆ. ಕ್ಯಾಮೆರಾ ಪೆಟ್ಟಿಗೆ ಐದೇ ಕೆ.ಜಿ. ಜಾಸ್ತಿ ಅನ್ನುತ್ತಾನೆ. ಗುಡುಗು ಮೋಡ ಇನ್ನೂ ದೂರ ಇದೆ ಅನ್ನುತ್ತಾನೆ. ಹೆಣ್ಣು ಹುಡುಗಿ ನೋಡಿ, ಹೆದರ್ತಾಳೆ ಅಂತ ಹಿಂದಿನ ಸೀಟಿನಲ್ಲಿ ಯಾರೋ ನಗುತ್ತಾರೆ. ನಗಲಿ. ಆ ಪಟ್ಟಿಗಳಲ್ಲಿ ದೀಪ ಇಲ್ಲ, ಹೊತ್ತು ಮುಳುಗುವುದರೊಳಗೆ ಇಳಿದಿರಬೇಕು ಅಂದೆಯಲ್ಲ. ಬಂಡೀಪುರದಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ರಸ್ತೆ ಬಂದ್. ಮೊದಮೊದಲು ನಾವು ಡ್ರೈವರುಗಳೇ ಬೈದುಕೊಂಡೆವು. ಬೈದಿದ್ದು ಎಷ್ಟು ಪೆದ್ದುತನ ಅಂತ ಆಮೇಲೆ ಗೊತ್ತಾಯಿತು. ಹೊತ್ತು ಮೀರಿದರೆ ಅಲ್ಲೇ ಉಳಿ. ಚಕ್ರದ ಸುತ್ತ ಮುಳ್ಳುಕೊಂಬೆ ಇಡದಿದ್ದರೆ ಕತ್ತೆಕಿರುಬ ಟೈರು ಕಚ್ಚುತ್ತೆ ಅಂತ ಹೇಳಿದ್ದೆಯಲ್ಲ, ಮುಳ್ಳು ಇಟ್ಟು ಮಲಗು.

ಪಟ್ಟಿಯ ಮೇಲೆ ಆನೆ ಇದ್ದರೆ ಸುತ್ತು ಹೊಡಿ. ಲಾಡ್ಜಿನವರು ಜೀಪು ತಂದು ಓಡಿಸುವ ತನಕ ಹೊಡಿ. ಓಡಿಸಿದ ಮೇಲೂ ಇನ್ನೊಂದು ಸುತ್ತು. ಆನೆ ಯಾವ ಕಡೆ ಹೋಯಿತು ಅಂತ ಎಲ್ಲರೂ ನೋಡುತ್ತಾರೆ. ನೀನು ಆ ಕಡೆ ಅಲ್ಲ, ಈ ಕಡೆ ನೋಡು.

ಬೆಳಿಗ್ಗೆ ಪೆಟ್ರೋಲ್ ಟ್ಯಾಂಕಿನ ತಳದಿಂದ ಸ್ವಲ್ಪ ಬಸಿದು ನೀರಿದೆಯಾ ನೋಡುವುದನ್ನು ಬಿಡಬೇಡ. ನಿಮ್ಮ ಪೆಟ್ರೋಲ್ ನೀಲಿ ಬಣ್ಣ ಅಂತ ಬಾಟಲಿಯಲ್ಲಿ ಹಿಡಿದು ವೀಡಿಯೊದಲ್ಲಿ ತೋರಿಸಿದ್ದೆ. ಅದನ್ನು ಹಳೇ ಡಿಪೊಗೆ ಹೋಗಿ ಎಲ್ಲರಿಗೂ ತೋರಿಸಿದೆ. ಮೆಕ್ಯಾನಿಕ್ ಎರಡು ಸಲ ನೋಡಿದ. ನನ್ನ ಮಗಳು ಅಂತ ನಾನು ಹೇಳಲಿಲ್ಲ, ಅವರೇ ಹೇಳಿಕೊಂಡರು.

ವರ್ಕ್ ಪರ್ಮಿಟ್ ಕೈಗೆ ಬರುವ ತನಕ ಯಾರು ಏನೇ ಹೇಳಲಿ ಹಾರಬೇಡ. ಈಗ ಹಾರು, ಕಾಗದ ಆಮೇಲೆ ಅನ್ನುವವನಿಂದ ದೂರ ಇರು. ನಿನ್ನಿಂದಲೇ ದುಡ್ಡು ತಗೊಂಡು ಸೀಟು ಕೊಡ್ತೀನಿ ಅನ್ನುವವನಿಂದ ಇನ್ನೂ ದೂರ. ಅವರ ಲೈಸೆನ್ಸ್ ಪರೀಕ್ಷೆಗೆ ಓದುತ್ತಿರು. ತಮ್ಮ ದೇಶದ ಹುಡುಗ ಹುಡುಗಿಯರಿಗೆ ಮೊದಲು ಕೆಲಸ ಅಂತ ಅವರು ಅಂದರೆ ಬೇಜಾರು ಮಾಡಿಕೊಳ್ಳಬೇಡ. ನ್ಯಾಯವೇ ತಾನೇ? ನಮ್ಮ ಊರಲ್ಲಾಗಿದ್ದರೆ ನಾವೂ ಹಾಗೇ ಅನ್ನುತ್ತಿದ್ದೆವು. ಅಲ್ಲಿಯವರಿಗೆ ನಮಸ್ಕಾರ ಹೇಳುವುದನ್ನು ಕಲಿತಿದ್ದೀಯಲ್ಲ, "ದುಮೇಲಾ ಮ್ಮಾ" ಅಂತ, ಅದು ನಿಮ್ಮಜ್ಜಿಗೆ ಬಹಳ ಹಿಡಿಸಿದೆ. ಅಮ್ಮ ಅಂತಾರೆ ಅಂದಮೇಲೆ ಒಳ್ಳೇ ಜನವೇ ಇರಬೇಕು ಅನ್ನುತ್ತಾಳೆ. ದುಡ್ಡಿಗೆ ಪುಲಾ, ಅಂದರೆ ಮಳೆ ಅಂತ ಹೆಸರಿಟ್ಟಿದ್ದಾರೆ ಅಂದಾಗ ನನಗೂ ಹಾಗೇ ಅನ್ನಿಸಿತು. ಗುಂಡ್ಲುಪೇಟೆಯಲ್ಲಿ ಮೋಡ ನೋಡಿಕೊಂಡೇ ಬೆಳೆದವರಿಗೆ ಅದು ಬಿಡಿಸಿ ಹೇಳಬೇಕಿಲ್ಲ.

ಅಂಗೋಲಾದ ಮಳೆ ತಿಂಗಳುಗಟ್ಟಲೆ ಹರಿದು ನಿಮ್ಮ ಒಕವಾಂಗೋ ಹೊಳೆಗೆ ಬರುತ್ತಂತೆ, ಅಲ್ಲಿ ಮಳೆಗಾಲ ಮುಗಿದ ಮೇಲೆ ಹೊಳೆ ತುಂಬುತ್ತಂತೆ. ವೈನಾಡಿನಲ್ಲಿ ಮಳೆ ಹೊಡೆದರೆ ಕಬಿನಿಗೆ ನೀರು ಬರುವುದು ನಮಗೆ ಗೊತ್ತು, ಆದರೆ ಅದು ಬೇಗ ಬರುತ್ತೆ. ಅಲ್ಲಿ ನೀರಿಗೂ ಅವಸರ ಇಲ್ಲ. ನೀರು ಬರುವ ತನಕ ಇರು. ಮೂರು ವಾರಕ್ಕೆ ದುಡ್ಡು ಅಂತ ನೀನು ಕೇಳಿದ್ದೆ, ಮೂರು ತಿಂಗಳಿಗೆ ಆಗುವಷ್ಟು ಹಾಕಿದ್ದೇನೆ. ಸಾಲ ಮಾಡಿಲ್ಲ. ಸ್ವಲ್ಪ ಮಾಡಿದ್ದೇನೆ, ಅದು ನನ್ನ ತಲೆನೋವು. ಸೊಳ್ಳೆಪರದೆ ಹರಿದಿದೆ ಅಂದೆಯಲ್ಲ, ಮೊದಲು ಅದು ತಗೋ. ಮಲೇರಿಯಾ ಬಂದವರನ್ನು ಯಾರೂ ಹಾರಲು ಬಿಡಲ್ಲ.

ಅಮ್ಮ ಏನೋ ಬರೆಯಿರಿ ಅಂತ ಬಾಗಿಲಲ್ಲಿ ನಿಂತಿದ್ದಾಳೆ. ಕೂದಲಿಗೆ ಎಣ್ಣೆ ಹಚ್ಚಬೇಕಂತೆ. ಸಿಟ್ಟು ಇಳಿದರೆ ಫೋನ್ ಮಾಡು, ಇಳಿಯದಿದ್ದರೂ ಮಾಡು, ಬೈಯುವುದಿದ್ದರೆ ಬೈದುಬಿಡು.

ಚೀಫ್ ಪೈಲಟ್ ಮತ್ತೆ ಆ ಕಥೆ ಕೇಳಿದರೆ ಪೂರ್ತಿ ಹೇಳು. ಮರಿ ಎಡಗಡೆ ಇತ್ತು ಅನ್ನು. ಅಪ್ಪನಿಗೆ ಕಾಣಿಸಿತ್ತು ಅಂತಲೂ ಹೇಳು.

ನಿನ್ನ ಅಪ್ಪ