ಮರದ ಗೋಡೆಯ ಮನೆ ‘ಶೆಡ್’ ಅಲ್ಲ

ಮಾನ್ಯ ಸಂಪಾದಕರೇ,

ಮೂಡಿಗೆರೆ ತಾಲ್ಲೂಕಿನಲ್ಲಿ ನನಗೆ ಎರಡೂವರೆ ಎಕರೆ ಕಾಫಿ ತೋಟವಿದೆ. ಅದರೊಳಗೆ ನಾನು ಕಟ್ಟಿಕೊಂಡು ವಾಸವಿರುವ ಮನೆ ಪಂಚಾಯಿತಿ ಪುಸ್ತಕದಲ್ಲಿ ‘ಶೆಡ್’ ಎಂದು ದಾಖಲಾಗಿದೆ. ಗೋಡೆ ಮರದ್ದು ಎನ್ನುವುದೊಂದೇ ಕಾರಣ.

ನಮ್ಮ ಮಾವನವರು ನೆಟ್ಟ ಸಿಲ್ವರ್ ಓಕ್ ಮರಗಳಲ್ಲಿ ನಲವತ್ತರಷ್ಟು ಬರೀ ಕಂಬದಂತೆ ನಿಂತಿದ್ದವು. ಅವಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಸತ್ತುಹೋಗಿದ್ದವು. ವ್ಯಾಪಾರಿ ಹೇಳಿದ ದರಕ್ಕೆ ಕೊಡಲು ಮನಸ್ಸಾಗಲಿಲ್ಲ. ಅವುಗಳಲ್ಲೇ ದಿಮ್ಮಿ ಮನೆ ಕಟ್ಟಿಸೋಣ ಎಂದುಕೊಂಡೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲ, ಹಾಗಾಗಿ ಕಡಿಯುವವರೆಗೆ ಯಾವ ತೊಡಕೂ ಇರಲಿಲ್ಲ.

ಸಿಲ್ವರ್ ಮರಕ್ಕೆ ಕುಟ್ಟೆ, ಅಂದರೆ ಮರ ಕೊರೆಯುವ ಹುಳು, ಬೇಗ ಹಿಡಿಯುತ್ತದೆ. ಅದಕ್ಕೆ ಹಸಿ ಇರುವಾಗಲೇ ಸಿಪ್ಪೆ ಸುಲಿದು, ಗುಂಡಿಗೆ ಟಾರ್ಪಾಲು ಹಾಸಿ ಬೋರಾಕ್ಸ್, ಬೋರಿಕ್ ಆಮ್ಲ ಕದಡಿದ ನೀರಿನಲ್ಲಿ ನೆನೆಸಿ, ಮಾಡಿನ ಕೆಳಗೆ ಒಂದು ವರ್ಷ ಒಣಗಿಸಿದೆವು. ಈ ಮದ್ದು ಮಳೆಗೆ ತೊಳೆದುಹೋಗುತ್ತದೆ. ಆದ್ದರಿಂದ ಸೂರು ನಾಲ್ಕಡಿ ಮುಂದಕ್ಕೆ ಚಾಚಿದೆ, ತಳಪಾಯ ಎರಡೂವರೆ ಅಡಿ ಎತ್ತರದ ಕಲ್ಲಿನದು.

ನಮ್ಮ ಆಚಾರಿಗೆ ಇಂಥ ಮನೆ ಹೊಸದು. ದಿಮ್ಮಿಯ ಮೇಲೆ ದಿಮ್ಮಿ ಮಲಗಿಸಿ ಮೂಲೆಯಲ್ಲಿ ಕಚ್ಚು (ಒಂದರಲ್ಲೊಂದು ಕೂರುವಂತೆ ಕೊರೆದ ತಗ್ಗು) ಹಾಕಿ ಕೂಡಿಸಬೇಕು. ಮೊದಲ ಮೂಲೆಯಲ್ಲಿ ಅವರು ಕೆಳಗಿನ ದಿಮ್ಮಿಯ ಬೆನ್ನಿಗೆ ಕಚ್ಚು ಹೊಡೆದಿದ್ದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಕಚ್ಚಿನೊಳಗೆ ಬಟ್ಟಲಲ್ಲಿ ಹಿಡಿದಿಟ್ಟ ಹಾಗೆ ನೀರು. “ಇದು ಕೊಳೆಯುತ್ತೆ ಅಮ್ಮಾ, ಬಿಚ್ಚಿಬಿಡೋಣ” ಎಂದರು. ಆಮೇಲಿನದೆಲ್ಲ ಮೇಲಿನ ದಿಮ್ಮಿಯ ಹೊಟ್ಟೆಗೆ ಕಚ್ಚು ಹಾಕಿ ಕವುಚಿ ಕೂರಿಸಿದ್ದು. ನೀರು ನಿಲ್ಲಲು ಜಾಗವೇ ಇಲ್ಲ. ಮರ ಒಣಗುತ್ತಾ ಗೋಡೆ ಇಳಿಯುತ್ತದೆಂದು ಬಾಗಿಲ ದಾರಂದದ ಮೇಲೆ ಮೂರು ಬೆರಳು ಸಂದು ಬಿಟ್ಟಿದ್ದರು. ಎರಡು ವರ್ಷದಲ್ಲಿ ಎರಡು ಬೆರಳು ಇಳಿದು ಈಗ ನಿಂತಿದೆ.

ಇಷ್ಟು ಎಚ್ಚರದಿಂದ ಕಟ್ಟಿದ್ದಕ್ಕೆ ಸಿಕ್ಕಿದ ಹೆಸರು ಶೆಡ್! ಅರ್ಧ ಕೆಲಸಕ್ಕೆ ಕೈ ಖಾಲಿಯಾಗಿ ಬ್ಯಾಂಕಿಗೆ ಹೋದಾಗಲೂ “ಕಚ್ಚಾ ಮನೆಗೆ ಸಾಲ ಬರಲ್ಲ ಮೇಡಂ” ಎಂದು ಅರ್ಜಿ ವಾಪಸು ಕೊಟ್ಟರು. ಬಳೆ ಅಡವಿಟ್ಟು ಹಂಚು ಹೊದಿಸಿದೆ.

ಸರ್ಕಾರದ ಲೆಕ್ಕವೇ ಒಂದಕ್ಕೊಂದು ತಾಳೆಯಾಗುವುದಿಲ್ಲ. 2001ರ ಜನಗಣತಿ ಮರದ ಗೋಡೆಯನ್ನು ಹುಲ್ಲು, ಬಿದಿರು, ಪ್ಲಾಸ್ಟಿಕ್ ಜೊತೆ ತಾತ್ಕಾಲಿಕ ಸಾಮಗ್ರಿಗೆ ಸೇರಿಸಿತ್ತು. ಅದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮರ ಪಕ್ಕಾ ಸಾಮಗ್ರಿಗಳ ಪಟ್ಟಿಯಲ್ಲಿದೆ. ಯಾವುದನ್ನು ನಂಬಬೇಕು? ನಮ್ಮ ಮಲೆನಾಡಿನ ತೊಟ್ಟಿ ಮನೆಗಳ ಕಂಬ, ತೊಲೆ, ಮುಚ್ಚಿಗೆ ಎಲ್ಲವೂ ಮರದ್ದೇ ಅಲ್ಲವೇ?

ಬೆಂಕಿಯ ಭಯ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೇ ಒಲೆಯ ಕಡೆಯ ಗೋಡೆಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದೇನೆ. ಇಂಥ ಷರತ್ತುಗಳನ್ನು ಸರ್ಕಾರವೇ ಹಾಕಲಿ. ಮರಕ್ಕೆ ಯಾವ ಮದ್ದು, ಎಷ್ಟು ಎಂದು ಹೇಳಲು ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅವರ ಸಲಹೆ ಪಡೆದು, ಉಪಚರಿಸಿದ ಮರದಲ್ಲಿ ಕಟ್ಟಿದ ಮನೆಗೆ ಪಂಚಾಯಿತಿ ದಾಖಲೆಯಲ್ಲೂ ಬ್ಯಾಂಕಿನ ಅರ್ಜಿಯಲ್ಲೂ ಒಂದು ಕಾಲಂ ಕೊಡಬೇಕೆಂದು ಗ್ರಾಮೀಣಾಭಿವೃದ್ಧಿ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ಸಂಬಂಧಪಟ್ಟ ಅಧಿಕಾರಿಗಳು ಜುಲೈ ತಿಂಗಳ ಜಡಿಮಳೆಯಲ್ಲೇ ಬಂದು ಗೋಡೆ ಮುಟ್ಟಿ ನೋಡಲಿ. ಒಳಗೆ ಬೆಚ್ಚಗೆ ಕೂತು ಕಾಫಿ ಕುಡಿದು ಹೋಗಲಿ.

– ಒಬ್ಬ ಸಣ್ಣ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು