ಕುಡುಗೋಲಿನ ಹಿಡಿ ಮತ್ತು ನುಣುಪು

ಬೀದರ್

ಪ್ರೀತಿಯ ತಂಗಿ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ‘ನುಣುಪಾದ’ ಎಂಬ ಮಾತು ಅದರಲ್ಲಿ ಮೂರು ಕಡೆ ಬಂದಿದೆ. ಸಾಹುಕಾರನ ಮಾತು ನುಣುಪು, ಅವನ ಮನೆಯ ನೆಲ ನುಣುಪು, ತೊಗರಿ ಕೊಯ್ದು ಬಂದ ಅವ್ವನ ಅಂಗೈಯೂ ನುಣುಪು. ಮೊದಲ ಎರಡನ್ನು ಒಪ್ಪಿದೆ. ಮೂರನೆಯದರ ಹತ್ತಿರ ನಿಂತುಬಿಟ್ಟೆ. ಪತ್ರದ ಕೊನೆಗೆ ನೀನೇ ಕೇಳಿದ್ದೀಯ, ಗದ್ಯ ನುಣುಪಾಗುವುದು ಹೇಗೆ ಎಂದು.

ಈ ಮಾತಿನ ಬೇರು ‘ನುಣ್’. ಹಳಗನ್ನಡದಲ್ಲಿ ನುಣ್ಪು, ತೆಲುಗಿನಲ್ಲಿ ನುನುಪು. ತಮಿಳಿನಲ್ಲಿ ನುಣ್ ಎಂದರೆ ಸೂಕ್ಷ್ಮ, ಬಹಳ ಸಣ್ಣದು. ಚುರುಕು ಬುದ್ಧಿಗೂ ಅವರು ಇದೇ ಮಾತನ್ನು ಕೂಡಿಸುತ್ತಾರೆ. ನಮ್ಮಲ್ಲಿ ಆ ಅರ್ಥ ಅಡುಗೆಮನೆಯಲ್ಲಿ ಉಳಿದಿದೆ. ‘ಜೋಳ ನುಣ್ಣಗೆ ಬೀಸಿಸಿಕೊಂಡು ಬಾ’ ಎಂದು ಹೇಳಿ ಗಿರಣಿಗೆ ಕಳಿಸುತ್ತಾರಲ್ಲ, ಅಲ್ಲಿ ಹೊಳಪಿನ ಮಾತೇ ಇಲ್ಲ. ಹಿಟ್ಟು ತರಿಯಾದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಅಷ್ಟೆ. ಕಾಳು ಸಣ್ಣಗಾಗುತ್ತಾ ಹೋಗಿ ಕೈಗೆ ಮೆತ್ತಗೆ ಹತ್ತುವುದೇ ನುಣುಪು.

ಆದರೆ ‘ದೂರದ ಬೆಟ್ಟ ನುಣ್ಣಗೆ’ ಎಂದೂ ಅನ್ನುತ್ತೇವೆ. ಅಲ್ಲಿ ಸಣ್ಣದೊಂದೂ ಕಾಣುವುದಿಲ್ಲ; ಕಲ್ಲು, ಮುಳ್ಳು, ಕೊರಕಲು ಎಲ್ಲ ಇದ್ದೂ ಕಣ್ಣಿಗೆ ಬೀಳದೆ ಬೆಟ್ಟ ನುಣ್ಣಗಾಗಿದೆ. ಸಣ್ಣದನ್ನು ಹೇಳುವ ಬೇರಿನಿಂದ ಹುಟ್ಟಿದ ಮಾತು, ಸಣ್ಣದು ಕಾಣದಿರುವುದಕ್ಕೂ ಸಲ್ಲುತ್ತದೆ. ಅವ್ವನ ಅಂಗೈಯನ್ನು ನೀನು ಬೆಟ್ಟ ನೋಡುವಷ್ಟು ದೂರದಿಂದ ನೋಡಿದ್ದೀಯ, ತಂಗಿ. ನನಗೆ ನೋವಾದದ್ದು ಅದಕ್ಕೆ.

ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ನಮ್ಮ ಬಿದರಿಯವರ ಕೆಲಸವನ್ನು ಒಮ್ಮೆ ಕೂತು ನೋಡು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯನ್ನು ಮೊದಲು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡುತ್ತಾರೆ. ಆಮೇಲೆ, ಅಷ್ಟು ಕಷ್ಟಪಟ್ಟು ನುಣುಪಾಗಿಸಿದ ಮೈಯನ್ನೇ ಉಳಿಯಿಂದ ಕೆತ್ತುತ್ತಾರೆ! ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿದು, ಮತ್ತೆ ಉಜ್ಜುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಲೋಹ ಕಪ್ಪಾಗಿ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಗೀರಿಲ್ಲದಿದ್ದರೆ ಬೆಳ್ಳಿಗೆ ಕೂರಲು ಜಾಗವೇ ಇಲ್ಲ. ನಿನ್ನ ಗದ್ಯದಲ್ಲಿ ಮೊದಲನೆಯ ಉಜ್ಜುವಿಕೆ ಮುಗಿದಿದೆ. ಉಳಿ ಇನ್ನೂ ಬಿದ್ದಿಲ್ಲ.

ಅವ್ವನ ಭಾಗವನ್ನು ಮತ್ತೆ ಬರೆ. ಅಂಗೈಯಲ್ಲಿ ಯಾವ ಬೆರಳಿನ ಬುಡಕ್ಕೆ ಗಂಟು ಕಟ್ಟಿದೆ, ಎಲ್ಲಿ ಸೀಳಿದೆ, ಮನೆಗೆ ಹೋದಾಗ ಕೈ ಹಿಡಿದು ನೋಡು. ‘ನುಣುಪಾದ’ ಎಂಬ ಮಾತನ್ನು ಬಿಡಬೇಕಾಗಿಲ್ಲ. ನಿನ್ನ ಕತೆಯ ಎರಡನೆಯ ಪುಟದಲ್ಲಿ ಗೋಡೆಗೆ ಒಂದು ಕುಡುಗೋಲು ಸಿಕ್ಕಿಸಿದೆಯಲ್ಲ, ಅವ್ವನದು. ಅದರ ಹಿಡಿ ನುಣ್ಣಗಾಗಿರುತ್ತದೆ.

ನಿನ್ನ ಅಣ್ಣ